ಮಂಗಳವಾರ, ಶುಕ್ರವಾರದ ಮಡಿಕೇರಿ: ಪತ್ನಿಯನ್ನು ಕಳೆದುಕೊಂಡವರ ಒಂದು ಪ್ರಕರಣ

"ಅಪ್ಪನಿಗೆ ಅರಳುಮರಳು ಶುರುವಾದ ಹಾಗಿದೆ, ಒಂದ್ಸಲ ಬಂದು ನೋಡ್ತೀರಾ ಮೇಡಂ?" ಎಂದು ಮಗಳು ಆಪ್ತಸಮಾಲೋಚಕಿಯಾದ ನನಗೆ ಫೋನ್ ಮಾಡಿದ್ದು ಆಗಸ್ಟ್ ತಿಂಗಳಲ್ಲಿ. ಅಮ್ಮ ತೀರಿಕೊಂಡು ಆಗ ಏಳು ತಿಂಗಳಾಗಿತ್ತು. ಮನೆ ಇರುವುದು ಸೋಮವಾರಪೇಟೆ ತಾಲ್ಲೂಕಿನ ಶಾಂತಳ್ಳಿ ಕಡೆ. ಸುತ್ತ ಅರೇಬಿಕಾ ಕಾಫಿ, ಮರಕ್ಕೆ ಹಬ್ಬಿದ ಮೆಣಸು. ಮಳೆಗಾಲ ಬಂತೆಂದರೆ ಕರೆಂಟು ದಿನಗಟ್ಟಲೆ ಇಲ್ಲ. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಮಗಳು ಕುಶಾಲನಗರಕ್ಕೆ ಮದುವೆಯಾಗಿ ಹೋಗಿದ್ದಾಳೆ. ಮನೆಯಲ್ಲಿ 71 ವರ್ಷದ ತಂದೆ ಒಬ್ಬರೇ. ಹಿಂದಿನ ಲೈನ್‌ಮನೆಯಲ್ಲಿರುವ ಕೆಲಸದ ದಂಪತಿ ಅಡುಗೆ ಮಾಡಿಟ್ಟು ಹೋಗುತ್ತಾರೆ. ಊರಿನವರು ಕರೆಯುವಂತೆ ನಾನೂ ಅವರನ್ನು ಇಲ್ಲಿ ಯಜಮಾನರು ಎಂದೇ ಕರೆಯುತ್ತೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ, ಬರೆಯುವುದಕ್ಕೆ ಮನೆಯವರ ಒಪ್ಪಿಗೆ ಪಡೆದಿದ್ದೇನೆ.

ಮನೆಯವರ ದೂರು

ತಾಯಿಗೆ ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಕೆಟ್ಟು, ಕೊನೆಯ ಮೂರು ವರ್ಷ ವಾರಕ್ಕೆರಡು ಸಲ ಡಯಾಲಿಸಿಸ್ ನಡೆದಿತ್ತು. ಮಂಗಳವಾರ ಮತ್ತು ಶುಕ್ರವಾರ. ಯಜಮಾನರೇ ಜೀಪಿನಲ್ಲಿ ಮಾದಾಪುರ, ಹಟ್ಟಿಹೊಳೆ ದಾರಿಯಾಗಿ ಮಡಿಕೇರಿಗೆ ಕರೆದುಕೊಂಡು ಹೋಗಿ, ನಾಲ್ಕು ಗಂಟೆ ಹೊರಗಿನ ಬೆಂಚಿನಲ್ಲಿ ಕಾದು, ಸಂಜೆಗೆ ವಾಪಸ್ ಕರೆತರುತ್ತಿದ್ದರು. ಜನವರಿಯ ಒಂದು ಸೋಮವಾರ ರಾತ್ರಿ, ಕಾಫಿ ಕೊಯ್ಲು ಭರದಲ್ಲಿದ್ದಾಗ, ಆಕೆ ಮಲಗಿದಲ್ಲೇ ಹೋಗಿಬಿಟ್ಟರು.

ಹನ್ನೊಂದನೇ ದಿನದ ತಿಥಿ ಮುಗಿಯಿತು, ನೆಂಟರು ಹೊರಟರು. ಮುಂದಿನ ಮಂಗಳವಾರ ಯಜಮಾನರು ಬೆಳಗಿನ ಜಾವ ಎದ್ದು, ಫ್ಲಾಸ್ಕಿಗೆ ಗಂಜಿ ತುಂಬಿಸಿಕೊಂಡು ಜೀಪು ಹತ್ತಿದರು. ಶುಕ್ರವಾರವೂ ಅದೇ. ಕೇಳಿದರೆ "ಕೆಲ್ಸ ಇತ್ತು" ಎಂಬ ಉತ್ತರ. ಕೊನೆಗೆ ಸೋದರಳಿಯನೊಬ್ಬ ಮಡಿಕೇರಿಯಲ್ಲಿ ನೋಡಿದ: ಡಯಾಲಿಸಿಸ್ ಕೋಣೆಯ ಹೊರಗೆ, ಅದೇ ಬೆಂಚಿನ ಮೇಲೆ, ಫ್ಲಾಸ್ಕು ಪಕ್ಕದಲ್ಲಿಟ್ಟುಕೊಂಡು ಕೂತಿದ್ದಾರೆ.

ದೂರು ಅಷ್ಟಕ್ಕೇ ನಿಲ್ಲಲಿಲ್ಲ. ತೋಟದಲ್ಲಿ ಒಬ್ಬರೇ ಮಾತಾಡುತ್ತಾರೆ, ಮಧ್ಯಾಹ್ನ ಊಟದ ಹೊತ್ತಿಗೆ ಯಾರೂ ಕರೆಯದಿದ್ದರೂ "ಬಂದೆ ಬಂದೆ" ಎನ್ನುತ್ತಾರೆ. ಆದರೆ ಹಾಲ್‌ನಲ್ಲಿ ಹಾರ ಹಾಕಿಟ್ಟ ಅಮ್ಮನ ಫೋಟೋದ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ಮಗಳನ್ನು ಹೆಚ್ಚು ನೋಯಿಸಿದ್ದು ಈ ಕೊನೆಯದು. ಯಾರೋ ಹೇಳಿದರೆಂದು ಒಂದು ಕಡೆ ನೂಲು ಕಟ್ಟಿಸಿಯೂ ಆಗಿತ್ತು. ತೋಟ ಯಾರಿಗಾದರೂ ಲೀಸಿಗೆ ಕೊಟ್ಟು ಅಪ್ಪನನ್ನು ಬೆಂಗಳೂರಿಗೆ ಕರೆದುಕೊಂಡು ಹೋಗುವುದೆಂದು ಮಗ ಹೆಚ್ಚುಕಡಿಮೆ ತೀರ್ಮಾನಿಸಿದ್ದ.

ಮೊದಲ ಭೇಟಿ

ಜಡಿಮಳೆ. ಒಲೆ ಪಕ್ಕದಲ್ಲಿ ಕೂತಿದ್ದರು. ಮಗಳು ಆಟಿ ತಿಂಗಳ ಹದಿನೆಂಟನೇ ದಿನಕ್ಕೆ ಮದ್ದುಸೊಪ್ಪಿನ ಪಾಯಸ ಮಾಡಿ ತಂದಿದ್ದಳಂತೆ, ಮುಟ್ಟಿರಲಿಲ್ಲ. ಅರಳುಮರಳಿನ ಅನುಮಾನ ಬೇಗ ಹೋಯಿತು. ಕಳೆದ ವರ್ಷ ಎಷ್ಟು ಮೂಟೆ ಚೆರಿ ಬಂತು, ಯಾವ ಪಟ್ಟೆಯಲ್ಲಿ ಎಷ್ಟು ಗಿಡಕ್ಕೆ ಬಿಳಿ ಕಾಂಡಕೊರಕ ಬಿದ್ದಿದೆ, ಯಾರಿಗೆ ಎಷ್ಟು ಮುಂಗಡ ಕೊಟ್ಟಿದೆ ಎಂಬುದೆಲ್ಲ ಬಾಯಲ್ಲೇ ಇತ್ತು. ತಾಲ್ಲೂಕು ಆಸ್ಪತ್ರೆಯ ವೈದ್ಯರು ನೆನಪಿನ ಪರೀಕ್ಷೆ, ಥೈರಾಯ್ಡ್, ಬಿ12 ಎಲ್ಲ ನೋಡಿದರು, ಅದರಲ್ಲಿ ಏನೂ ಸಿಗಲಿಲ್ಲ.

ಹೆಂಡತಿ ಇಲ್ಲ ಎಂಬುದೂ ಅವರಿಗೆ ಚೆನ್ನಾಗಿ ಗೊತ್ತಿತ್ತು. "ಮಣ್ಣು ಹಾಕಿದೋನು ನಾನೇ ಅಲ್ವಾ ಮೇಡಂ. ಆದ್ರೆ ಮಂಗಳವಾರ ಬಂತು ಅಂದ್ರೆ ಮನೇಲಿ ಕೂರಕ್ಕಾಗಲ್ಲ."

ಧ್ವನಿಯ ವಿಷಯ ನಾನೇ ಎತ್ತಿದೆ. ಮಧ್ಯಾಹ್ನ ಒಂದು ಗಂಟೆಗೆ ಕಣದ ಕಡೆಯಿಂದ "ರೀ..." ಎಂದು ಕೇಳಿಸುತ್ತದೆ ಎಂದರು. ಭಯವಾಗುತ್ತದಾ ಎಂದರೆ, "ಹೆಂಡ್ತಿ ಕರೆದ್ರೆ ಯಾರಾದ್ರೂ ಹೆದರ್ತಾರಾ?" ಎಂದು ನನ್ನನ್ನೇ ಕೇಳಿದರು. ಮನೆಯವರು ಹುಚ್ಚಿನ ಮೊದಲ ಮೆಟ್ಟಿಲು ಎಂದುಕೊಂಡಿದ್ದು ಇದನ್ನೇ. ಆದರೆ 1971ರಲ್ಲಿ ಡ್ಯೂಯಿ ರೀಸ್ ಎಂಬ ವೈದ್ಯರು ವೇಲ್ಸ್‌ನ ಹಳ್ಳಿಗಾಡಿನಲ್ಲಿ ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡ 293 ಮಂದಿಯನ್ನು ಮಾತಾಡಿಸಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಇಂಥ ಅನುಭವ ಆಗಿತ್ತು: ಹೆಚ್ಚಿನವರಿಗೆ ಸತ್ತವರು ಹತ್ತಿರದಲ್ಲೇ ಇದ್ದಂತೆ ಅನ್ನಿಸಿತ್ತು, ಕೆಲವರಿಗೆ ಧ್ವನಿ ಕೇಳಿಸಿತ್ತು, ಕೆಲವರಿಗೆ ಕಂಡಿತ್ತು ಕೂಡ. ಬಹುಪಾಲು ಜನ ಅದನ್ನು ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ. ಇದನ್ನು ಹೇಳಿದಾಗ ಯಜಮಾನರಿಗೆ ಅಂಥ ಆಶ್ಚರ್ಯವೇನೂ ಆಗಲಿಲ್ಲ, ಮಗಳು ಮಾತ್ರ ನಿಟ್ಟುಸಿರು ಬಿಟ್ಟಳು.

ನನಗೆ ಚಿಂತೆ ಹಚ್ಚಿದ್ದು ಬೇರೆ. 58 ಕೆಜಿ ಇದ್ದವರು 51ಕ್ಕೆ ಇಳಿದಿದ್ದರು. ಸೊಂಟದ ಬೆಲ್ಟಿಗೆ ಮೊಳೆಯಲ್ಲಿ ಹೊಸ ತೂತು ಹೊಡೆದುಕೊಂಡಿದ್ದರು. ಬಿಪಿ ಮಾತ್ರೆ ತಿಂಗಳುಗಳಿಂದ ನಿಂತಿತ್ತು. ಬ್ರಿಟನ್ನಿನಲ್ಲಿ 55 ದಾಟಿದ 4,486 ವಿಧುರರನ್ನು ಗಮನಿಸಿ 1969ರಲ್ಲಿ ಪ್ರಕಟವಾದ ಅಧ್ಯಯನವೊಂದು, ಹೆಂಡತಿ ಹೋದ ಮೊದಲ ಆರು ತಿಂಗಳಲ್ಲಿ ಅವರ ಸಾವಿನ ಪ್ರಮಾಣ ಅದೇ ವಯಸ್ಸಿನ ವಿವಾಹಿತರಿಗಿಂತ ಶೇ. 40ರಷ್ಟು ಹೆಚ್ಚಿತ್ತು ಎಂದು ತೋರಿಸಿತ್ತು. ಆ ಏರಿಕೆ ಎಲ್ಲಕ್ಕಿಂತ ಜಾಸ್ತಿ ಕಂಡದ್ದು ಹೃದಯದ ತೊಂದರೆಯಿಂದಾದ ಸಾವುಗಳಲ್ಲಿ. ಹಾಗಾಗಿ ಮಾತುಕತೆಗೂ ಮೊದಲು ಊಟ, ಮಾತ್ರೆ, ನಿದ್ರೆ.

ಕೊಡಗಿನಲ್ಲಿ ಇನ್ನೊಂದು ಪ್ರಶ್ನೆಯನ್ನು ಮುಲಾಜಿಲ್ಲದೆ ಕೇಳಬೇಕು. ತೋಟದ ಮನೆಗಳಲ್ಲಿ ಕೋವಿ ಇರುತ್ತದೆ, ಔಷಧಿ ಕೋಣೆಯಲ್ಲಿ ಕೀಟನಾಶಕ ಇರುತ್ತದೆ. "ಸಾಯಬೇಕು ಅನ್ನಿಸುತ್ತಾ?" ಎಂದು ನೇರವಾಗಿಯೇ ಕೇಳಿದೆ. "ಅವಳು ಕರೆದ್ರೆ ಹೋಗ್ತೀನಿ. ನಾನಾಗಿ ಹೋಗಲ್ಲ." ಈ ಉತ್ತರ ನೆಮ್ಮದಿಯದೂ ಹೌದು, ಅಲ್ಲವೂ ಹೌದು, ಏಕೆಂದರೆ ದಿನಾ ಮಧ್ಯಾಹ್ನ ಅವಳು ಕರೆಯುತ್ತಿದ್ದಾಳೆ. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿ ಅದು. ಚುನಾವಣೆ ಬಂದಾಗ ಇಡುವ ಹಾಗೆ ಠಾಣೆಯಲ್ಲಿ ಠೇವಣಿ ಇಡೋಣ ಎಂದಾಗ ಗೊಣಗಿದರು, ಆದರೆ ಒಪ್ಪಿದರು. ಔಷಧಿ ಕೋಣೆಯ ಬೀಗದಕೈ ಲೈನ್‌ಮನೆಯವರ ಕೈಗೆ ಹೋಯಿತು. ರಾತ್ರಿ ತೀರಾ ಕಷ್ಟವಾದರೆ ಕರೆಯಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಫೋನ್ ಪಕ್ಕದ ಗೋಡೆಗೆ ದೊಡ್ಡದಾಗಿ ಬರೆದು ಅಂಟಿಸಿದೆವು. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ದೀರ್ಘಕಾಲದ ಶೋಕದ ಕಾಯಿಲೆ ಎಂಬ ಹೆಸರು ಈಗ ವೈದ್ಯಕೀಯ ಪಟ್ಟಿಗಳಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಾದ ಐಸಿಡಿ-11ರ ಪ್ರಕಾರ ಕನಿಷ್ಠ ಆರು ತಿಂಗಳಾಗಿರಬೇಕು, ಅಮೆರಿಕದ ಮನೋವೈದ್ಯರು 2022ರಲ್ಲಿ ಪರಿಷ್ಕರಿಸಿದ ಕೈಪಿಡಿಯ ಪ್ರಕಾರ ದೊಡ್ಡವರಿಗೆ ಹನ್ನೆರಡು ತಿಂಗಳು. ಏಳು ತಿಂಗಳಿನ ಯಜಮಾನರು ಒಂದರ ಒಳಗೆ, ಇನ್ನೊಂದರ ಹೊರಗೆ. ವರ್ಷಾಂತಿಕ ಮುಗಿಯುವ ತನಕ ಮನೆಯಲ್ಲಿ ಶುಭಕಾರ್ಯವನ್ನೇ ಮಾಡದ ನಮ್ಮ ಕಡೆ ಆರು ತಿಂಗಳ ಗೆರೆ ನನಗಂತೂ ಅವಸರದ್ದು ಅನ್ನಿಸುತ್ತದೆ. ವೈದ್ಯರೂ ನಾನೂ ಹೆಸರು ಕೊಡದೆ ಕಾಯುವುದೆಂದು ತೀರ್ಮಾನಿಸಿದೆವು. ನಿದ್ರೆಗೆ ಕೂಡ ಮಾತ್ರೆ ಬರೆಯಲಿಲ್ಲ.

ಜೀಪಿನಲ್ಲಿದ್ದ ಪುಸ್ತಕ

ತಿಥಿ ಮುಗಿದ ಮಾರನೇ ದಿನ ಮಗಳು ತಾಯಿಯ ಕೋಣೆ ಖಾಲಿ ಮಾಡಿದ್ದಳು. ಸೀರೆಗಳನ್ನು ಕೊಟ್ಟಿದ್ದಳು. ಮಂಚ ಅಟ್ಟ ಸೇರಿತ್ತು. ಡಯಾಲಿಸಿಸ್ ಫೈಲುಗಳನ್ನು ಹಿತ್ತಲಿನಲ್ಲಿ ಸುಟ್ಟಿದ್ದಳು. ಅಪ್ಪ ಅದನ್ನೆಲ್ಲ ನೋಡಿ ನೋಡಿ ಕೊರಗಬಾರದು ಎಂಬುದೇ ಅವಳ ಲೆಕ್ಕ. ಸೀರೆಯ ಬಗ್ಗೆ ಯಜಮಾನರು ಚಕಾರ ಎತ್ತಲಿಲ್ಲ. ಫೈಲಿನ ಬಗ್ಗೆ ಮಾತ್ರ, "ಅದ್ರಲ್ಲಿ ನನ್ನ ಮೂರು ವರ್ಷ ಇತ್ತು" ಎಂದರು.

ಆದರೆ ಒಂದು ಬೌಂಡ್ ಪುಸ್ತಕ ಜೀಪಿನ ಡ್ಯಾಶ್‌ಬೋರ್ಡಿನಲ್ಲಿ ಉಳಿದಿತ್ತು. ಎರಡನೇ ಭೇಟಿಗೆ ಅವರೇ ತೆಗೆದು ತೋರಿಸಿದರು. ಎಡಗಡೆ ತಾರೀಕು, ಯಂತ್ರಕ್ಕೆ ಹಾಕುವ ಮುಂಚಿನ ತೂಕ, ತೆಗೆದ ನಂತರದ ತೂಕ, ಬಿಪಿ. ಎರಡು ತೂಕದ ನಡುವಿನ ವ್ಯತ್ಯಾಸವೇ ಮೈಯಲ್ಲಿ ಕೂಡಿಕೊಂಡಿದ್ದ ನೀರು. ಅದು ಹೆಚ್ಚಾದ ದಿನ ಕೆಂಪು ಶಾಯಿ. ಬಲಗಡೆಯ ಅಂಚಿನಲ್ಲಿ ಸಣ್ಣಗೆ ಬೇರೆ ಮಾತು: "ಹಟ್ಟಿಹೊಳೆ ಹತ್ತಿರ ನವಿಲು ನೋಡಿದಳು." "ರಸ್ತೆ ಪೂರಾ ಗುಂಡಿ, ಫಿಸ್ಟುಲಾ ಕೈ ನೋವು." (ಫಿಸ್ಟುಲಾ ಎಂದರೆ ಡಯಾಲಿಸಿಸ್ ಸೂಜಿ ಚುಚ್ಚಲೆಂದು ಕೈಯ ರಕ್ತನಾಳಗಳನ್ನು ಜೋಡಿಸಿದ ಜಾಗ.) "ಇವತ್ತು ನಕ್ಕಳು." ಕೊನೆಯ ಡಿಸೆಂಬರಿನ ಒಂದು ಪುಟದಲ್ಲಿ: "ಜಗಳ. ಕಿತ್ತಳೆ ಕೇಳಿದಳು. ಕೊಡಲಿಲ್ಲ."

ಆ ಸಾಲಿನ ಮೇಲೆ ಬೆರಳಿಟ್ಟು ಕೂತುಬಿಟ್ಟರು. ಏಳು ತಿಂಗಳಿಂದ ನುಂಗಿಕೊಂಡಿದ್ದದ್ದು ಆಗ ಬಂತು.

ಮೂತ್ರಪಿಂಡ ಕೆಲಸ ಮಾಡದಿದ್ದಾಗ ಊಟದಲ್ಲಿ ಬರುವ ಪೊಟ್ಯಾಸಿಯಂ ರಕ್ತದಲ್ಲೇ ಉಳಿಯುತ್ತದೆ. ಆರೋಗ್ಯವಂತರಲ್ಲಿ 3.5ರಿಂದ 5ರ ಆಸುಪಾಸಿನಲ್ಲಿ ಇರಬೇಕಾದದ್ದು ತೀರಾ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಹಾಗಾಗಿ ಕಿತ್ತಳೆ, ಬಾಳೆಹಣ್ಣು, ಎಳನೀರು ಬೇಡ. ತರಕಾರಿಯನ್ನು ಬೇಯಿಸಿ ನೀರು ಬಸಿದು ಚೆಲ್ಲಬೇಕು. ಕುಡಿಯುವ ನೀರಿಗೂ ಅಳತೆ, ಕಾಫಿಗೂ ಕಡಿವಾಣ. ಕಾಫಿ ತೋಟದಲ್ಲಿ ಹುಟ್ಟಿ ಬೆಳೆದು, ಮನೆ ಮುಂದೆಯೇ ಕಿತ್ತಳೆ ಮರ ಇರುವ ಹೆಂಗಸಿಗೆ ಇದಕ್ಕಿಂತ ಶಿಕ್ಷೆ ಬೇಕೇ? ಯಜಮಾನರು ಪಟ್ಟಿಯನ್ನು ಅಕ್ಷರಶಃ ಪಾಲಿಸಿದ್ದರು. ಸೊಪ್ಪನ್ನು ಎರಡೆರಡು ಸಲ ಬಸಿಯುತ್ತಿದ್ದದ್ದು ಅವರೇ. ಕೊನೆಯ ಚಳಿಗಾಲದಲ್ಲಿ ಮರ ತುಂಬ ಹಣ್ಣಿತ್ತು. ಆಕೆ ಒಂದೇ ಒಂದು ತೊಳೆ ಕೇಳಿದ್ದರು. ಇವರು ಬೈದು, ಮರದಲ್ಲಿದ್ದ ಹಣ್ಣನ್ನೆಲ್ಲ ಇಳಿಸಿ ಸಂತೆಗೆ ಕಳಿಸಿಬಿಟ್ಟಿದ್ದರು.

"ಕೊಡದೇ ಇದ್ರೂ ಹೋದ್ಲು. ಕೊಟ್ಟಿದ್ರೆ ತಿಂದಾದ್ರೂ ಹೋಗ್ತಿದ್ಲು."

ಅವರನ್ನು ಕಟ್ಟಿಹಾಕಿದ್ದದ್ದು ಹೆಂಡತಿಯ ನೆನಪಲ್ಲ. ಆ ಒಂದು ಸಾಲು. ಮನೆಯವರು ನೆನಪನ್ನು ಕಮ್ಮಿ ಮಾಡಲು ಹೊರಟಿದ್ದರು, ಕಮ್ಮಿ ಮಾಡಿದಷ್ಟೂ ಆ ಸಾಲೊಂದೇ ಉಳಿಯುತ್ತಾ ಹೋಯಿತು.

ಹೇಳುವುದೋ ಬೇಡವೋ

ಬೆಂಚಿನಲ್ಲಿ ಕೂರುತ್ತಾರೆ ಸರಿ, ಒಳಗೆ ಯಾಕೆ ಹೋಗುವುದಿಲ್ಲ ಎಂದು ಕೇಳಿದ್ದಕ್ಕೆ, "ಪೇಷೆಂಟೇ ಇಲ್ದೆ ಏನಂತ ಹೋಗೋದು" ಎಂದಿದ್ದರು. ಅವರ ಅನುಮತಿ ಪಡೆದು ನಾನೇ ಹೋದೆ. ಹೆಸರು ಹೇಳುವ ಮೊದಲೇ ಅಲ್ಲಿನ ಟೆಕ್ನಿಷಿಯನ್ ಹುಡುಗಿಗೆ ಗುರುತು ಹತ್ತಿತು. "ಕಿತ್ತಳೆ ಅಮ್ಮನ ಮನೆಯವರಾ? ದಿನಾ ಹೊರಗೆ ಕೂತಿರ್ತಾರಲ್ಲ, ಮಾತಾಡ್ಸೋಕೆ ನಮಗೇ ಭಯ."

ಪಕ್ಕದ ಹಾಸಿಗೆಯಲ್ಲಿ ವಿರಾಜಪೇಟೆ ಕಡೆಯ ಹೆಂಗಸೊಬ್ಬರಿದ್ದರಂತೆ. ಅವರ ಮಗಳು ಚೀಲದಲ್ಲಿ ಮನೆಯ ಕಿತ್ತಳೆ ತರುತ್ತಿದ್ದಳು. ಯಂತ್ರಕ್ಕೆ ಹಾಕಿದ ಮೊದಲ ಗಂಟೆಯೊಳಗೆ ಯಜಮಾನರ ಹೆಂಡತಿಗೂ ತೊಳೆ ಬರುತ್ತಿತ್ತು. ಸಿಬ್ಬಂದಿಗೆ ಗೊತ್ತಿತ್ತು, ಹೇಗೂ ಇನ್ನು ಮೂರು ಗಂಟೆ ರಕ್ತ ಶುದ್ಧವಾಗುತ್ತದೆಂದು ನೋಡಿಯೂ ನೋಡದಂತಿದ್ದರು. "ನಮ್ಮ ಯಜಮಾನ್ರಿಗೆ ಹೇಳ್ಬೇಡಿ ಕಣ್ರವ್ವ, ಪಾಪ ಹೆದರ್ಕೋತಾರೆ" ಎನ್ನುತ್ತಿದ್ದರಂತೆ ಆಕೆ. (ಓದುವವರ ಮನೆಯಲ್ಲಿ ಡಯಾಲಿಸಿಸ್‌ನವರಿದ್ದರೆ ಇದನ್ನು ಸಲಹೆ ಎಂದು ತೆಗೆದುಕೊಳ್ಳಬೇಡಿ. ಏನು ತಿನ್ನಬಹುದು ಎಂಬುದನ್ನು ನಿಮ್ಮ ವೈದ್ಯರೇ ಹೇಳಬೇಕು.)

ಇದನ್ನು ಯಜಮಾನರಿಗೆ ಹೇಳಬೇಕೇ? ಆಕೆ ಗುಟ್ಟಾಗಿರಲಿ ಎಂದಿದ್ದರು. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿತ್ತು: "ಕೊಡಲಿಲ್ಲ" ಎಂಬ ಕೊರಗು ಹೋಗಿ "ಅದೇ ಅವಳನ್ನು ಕೊಂದಿತು" ಎಂಬುದು ಬಂದು ಕೂತರೆ? ಅಲ್ಲಿನ ವೈದ್ಯರ ಜೊತೆ ಕೂತು ಕೊನೆಯ ರಕ್ತಪರೀಕ್ಷೆಗಳನ್ನು ತೆಗೆಸಿ ನೋಡಿದೆ. ಪೊಟ್ಯಾಸಿಯಂ ಹಿಡಿತದಲ್ಲೇ ಇತ್ತು. ಕೊನೆಯ ಎರಡು ವಾರ ಆಕೆಗೆ ವಾಕರಿಕೆಯಿಂದ ಏನೂ ಸೇರುತ್ತಿರಲಿಲ್ಲ, ತೊಳೆ ಕೂಡ. ಎರಡು ಡಯಾಲಿಸಿಸ್ ನಡುವಿನ ದೊಡ್ಡ ಬಿಡುವಿನ ಕೊನೆಯಲ್ಲಿ ಹೃದಯ ನಿಲ್ಲುವ ಅಪಾಯ ಹೆಚ್ಚು ಎಂಬುದು ಬೇರೆ ಕಡೆಗಳಲ್ಲೂ ದಾಖಲಾಗಿದೆ. ಶುಕ್ರವಾರದಿಂದ ಮಂಗಳವಾರ ನಾಲ್ಕು ದಿನ, ಆಕೆ ಹೋದದ್ದು ಸೋಮವಾರ ರಾತ್ರಿ. ಇಷ್ಟು ಕೈಯಲ್ಲಿದ್ದ ಮೇಲೆ, ಹೇಳುವುದೇ ಸರಿ, ಆದರೆ ನನ್ನ ಬಾಯಿಂದ ಬೇಡ, ಕಣ್ಣಾರೆ ಕಂಡವರೇ ಹೇಳಲಿ ಎನ್ನಿಸಿತು.

ಒಂದು ಶುಕ್ರವಾರ ಯಜಮಾನರು ಮೊದಲ ಸಲ ಬೆಂಚು ಬಿಟ್ಟು ಒಳಗೆ ಬಂದರು. ವೈದ್ಯರು ಪರೀಕ್ಷೆಯ ವರದಿಗಳನ್ನು ಮೊದಲು ವಿವರಿಸಿದರು. ಆಮೇಲೆ ಆ ಹುಡುಗಿ ತಡವರಿಸುತ್ತಾ ಕಿತ್ತಳೆಯ ಕಥೆ ಹೇಳಿದಳು. ಯಜಮಾನರು ಬಾಯಿ ತೆರೆದುಕೊಂಡು ಕೇಳಿದರು. ಆಮೇಲೆ "ಕಳ್ಳಿ!" ಎಂದರು. ನಗು ಬಂತು, ತಡೆಯಲಾಗದಷ್ಟು. ಹಾಸಿಗೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನಗುತ್ತಲೇ ಹೊರಗೆ ಹೋಗಿ ಜೀಪಿನಲ್ಲಿ ಕೂತರು, ಬಹಳ ಹೊತ್ತು ಬರಲಿಲ್ಲ. ನನಗೆ ದಿಗಿಲಾಗಿ ಹೊರಡುವಷ್ಟರಲ್ಲಿ ವಾಪಸ್ ಬಂದು ಬಾಗಿಲಲ್ಲಿ ನಿಂತು ಕೇಳಿದರು:

"ಎಷ್ಟು ತೊಳೆ ಕೊಡ್ತಿದ್ರವ್ವ?"

"ಎರಡು ತಾತ."

"ಬರೀ ಎರಡಾ?"

ಹಿರಿಯರ ಹಬ್ಬ

ಸಂಗಾತಿ ಸತ್ತವರ ನೆನಪಿನ ಬಗ್ಗೆ ನಮ್ಮ ವೃತ್ತಿಯೇ ಬಹಳ ಕಾಲ ತಪ್ಪು ಪಾಠ ಹೇಳಿಕೊಟ್ಟಿದೆ. 1917ರಲ್ಲಿ ಫ್ರಾಯ್ಡ್ ಬರೆದದ್ದರ ಸಾರ, ಶೋಕದ ಕೆಲಸವೆಂದರೆ ಹೋದವರಿಂದ ಮನಸ್ಸನ್ನು ಬಿಡಿಸಿಕೊಳ್ಳುವುದು ಎಂಬುದಾಗಿತ್ತು. ಎಲಿಜಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಹೇಳಿದ ಐದು ಹಂತಗಳು ಸಾವಿನ ಅಂಚಿನಲ್ಲಿದ್ದ ರೋಗಿಗಳನ್ನು ಕಂಡು ಬರೆದವು. ಸತ್ತವರ ಹಿಂದೆ ಉಳಿದವರಿಗೂ ಅವನ್ನೇ ಮಗ್ಗಿಯಂತೆ ಒಪ್ಪಿಸುವವರು ಇನ್ನೂ ಇದ್ದಾರೆ. 1990ರ ದಶಕದಲ್ಲಿ ಗಾಳಿ ತಿರುಗಿತು. ಹೋದವರ ಜೊತೆಗಿನ ಸಂಬಂಧ ರೂಪ ಬದಲಿಸಿ ಮುಂದುವರಿಯಬಹುದು, ಅದು ರೋಗವಲ್ಲ ಎಂದು ಅಧ್ಯಯನಗಳು ಹೇಳತೊಡಗಿದವು. ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ 1999ರಲ್ಲಿ, ಶೋಕದಲ್ಲಿರುವವರು ನಷ್ಟದ ಕಡೆಗೂ ಬದುಕಿನ ಕಡೆಗೂ ಓಲಾಡುತ್ತಲೇ ಇರುತ್ತಾರೆ, ಆ ಓಲಾಟವೇ ಆರೋಗ್ಯ ಎಂದರು. ಮಾರ್ನಾಮಿ ಬಂದರೆ ಸತ್ತವರಿಗೆ ಹೊಸ ಸೀರೆ ಇಟ್ಟು, ಅವರಿಗೆ ಇಷ್ಟವಾದದ್ದನ್ನು ಎಡೆ ಬಡಿಸಿ, ಮಾರನೇ ದಿನ ಗದ್ದೆಗೆ ಹೋಗುವ ನಮ್ಮ ಜನಕ್ಕೆ ಇದು ಹೊಸ ಸುದ್ದಿಯೇನಲ್ಲ.

ಮಹಾಲಯ ಅಮಾವಾಸ್ಯೆಗೆ ಇಡೀ ಮನೆ ಸೇರಲಿ, ತಿಥಿಯಲ್ಲಿ ಆಗದ ಮಾತು ಇಲ್ಲಾದರೂ ಆಗಲಿ ಎಂದು ಸೂಚಿಸಿದೆ. ಹನ್ನೊಂದನೇ ದಿನ ಪಂಕ್ತಿ ಸುಧಾರಿಸುವುದರಲ್ಲೇ ಮುಗಿಯುತ್ತದೆ, ಅಳುವುದಕ್ಕೂ ಪುರುಸೊತ್ತಿರುವುದಿಲ್ಲ. ಹಣ್ಣು ಕೊಯ್ಯಲು ಬರುವ ಹೆಂಗಸರನ್ನೂ ಕರೆದರು. ಅವರ ನೆನಪಿನಲ್ಲಿದ್ದ ಯಜಮಾನಿಯೇ ಬೇರೆ. ತೂಕ ಹಾಕುವಾಗ ಯಜಮಾನರ ಕಣ್ಣು ತಪ್ಪಿಸಿ ಅರ್ಧ ಕಿಲೋ ಜಾಸ್ತಿ ಬರೆಯುತ್ತಿದ್ದವರು, ಮಳೆಗಾಲಕ್ಕೆ ಸಾಲ ಕೊಟ್ಟು ವಾಪಸ್ ಕೇಳದವರು. ಯಜಮಾನರಿಗೆ ಇದೂ ಹೊಸದು. "ನನ್ನ ತೋಟ ಲಾಸಲ್ಲಿ ಯಾಕೆ ಹೋಗ್ತಿತ್ತು ಅಂತ ಇವತ್ತು ಗೊತ್ತಾಯ್ತು" ಎಂದರು.

ಎಡೆಗೆ ಕಿತ್ತಳೆ ಬೇಕೆಂದು ಸೊಸೆ ಪೇಟೆಯಿಂದ ಹೊರಗಿನ ಹಣ್ಣು ತಂದಿದ್ದಳು. ಅದನ್ನು ತಮ್ಮ ಹೆಂಡತಿ ಮುಟ್ಟುತ್ತಿರಲಿಲ್ಲ ಎಂದು ಯಜಮಾನರು ಬದಿಗಿಟ್ಟು, ಅಂಗಳದ ಮರದಲ್ಲಿ ಇನ್ನೂ ಹಸಿರಾಗಿದ್ದ ಕಾಯೊಂದನ್ನು ತಾವೇ ಕಿತ್ತು ತಂದಿಟ್ಟರು.

ಫೋಟೋದ ಜಗಳ ಬಿಡಿಸಿಕೊಂಡದ್ದೂ ಅವತ್ತೇ. ಹಾಲ್‌ನಲ್ಲಿದ್ದದ್ದು ಗುರುತಿನ ಚೀಟಿಗೆ ತೆಗೆಸಿದ ಮುಖವನ್ನು ಸ್ಟುಡಿಯೋದವರು ದೊಡ್ಡದು ಮಾಡಿ, ಬೇರೆ ಯಾರದೋ ರೇಷ್ಮೆ ಸೀರೆಯ ಮೈಗೆ ಅಂಟಿಸಿ, ಹಿಂದೆ ನೀಲಿ ಬಣ್ಣ ಬಳಿದದ್ದು. "ಅದು ಅವಳಲ್ಲ. ಯಾರನ್ನೋ ಏನಂತ ನೋಡ್ಲಿ?" ಅಷ್ಟು ದಿನ ಮಗಳು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಸೊಸೆಯ ಫೋನಿನಲ್ಲಿ ಒಂದು ಚಿತ್ರ ಸಿಕ್ಕಿತು: ಹಳೇ ಸ್ವೆಟರ್, ತಲೆಗೆ ಟವೆಲ್ ಕಟ್ಟಿಕೊಂಡು, ಕಣದಲ್ಲಿ ಕಾಫಿ ಹರವುತ್ತಾ ಬಿಸಿಲಿಗೆ ಕಣ್ಣು ಕಿರಿದು ಮಾಡಿ ಯಾರನ್ನೋ ಗದರುತ್ತಿದ್ದಾರೆ. ಯಜಮಾನರಿಗೆ ಅದೇ ಬೇಕು. ಮಗ ಒಪ್ಪಲಿಲ್ಲ, ಬಂದವರು ಏನಂದುಕೊಳ್ಳುತ್ತಾರೆ ಎಂದ. ಕೊನೆಗೆ ರೇಷ್ಮೆ ಸೀರೆಯದು ಬಂದವರಿಗಾಗಿ ಹಾಲ್‌ನಲ್ಲಿ ಉಳಿಯಿತು, ಸ್ವೆಟರಿನದು ಒಲೆಯ ಎದುರಿನ ಗೋಡೆಗೆ ಹೋಯಿತು.

ಈಗಿನ ಸ್ಥಿತಿ

ವರ್ಷದ ತಿಥಿ ಮುಗಿದಿದೆ. ತೂಕ 55ಕ್ಕೆ ಬಂದಿದೆ, ಬಿಪಿ ಮಾತ್ರೆ ನಡೆಯುತ್ತಿದೆ. ತೋಟ ಲೀಸಿಗೆ ಕೊಡುವ ಮಾತು ಸದ್ಯಕ್ಕೆ ನಿಂತಿದೆ. ಮಡಿಕೇರಿಗೆ ಈಗಲೂ ಹೋಗುತ್ತಾರೆ, ಯಾವಾಗಲಾದರೊಂದು ಶುಕ್ರವಾರ. ಒಳಗೆ ಹೋಗಿ ಕಣ್ಣು ಕಾಣದವರಿಗೆ ಪೇಪರ್ ಓದಿ ಹೇಳುತ್ತಾರೆ, ಹೊಸದಾಗಿ ಬಂದ ಗಂಡಂದಿರಿಗೆ ಸೊಪ್ಪು ಬಸಿಯುವ ಕ್ರಮ ಹೇಳಿಕೊಡುತ್ತಾರೆ. ತೀರಾ ಕಟ್ಟುನಿಟ್ಟಿನವರನ್ನು ಕಂಡರೆ "ಡಾಕ್ಟ್ರನ್ನ ಕೇಳಿ ನೋಡಿ, ಏನಾದ್ರೂ ಒಂಚೂರು ಕೊಡಬಹುದಾ ಅಂತ" ಎನ್ನುತ್ತಾರಂತೆ.

ಎಲ್ಲವೂ ಸರಿಹೋಗಿಲ್ಲ. ಸೋಮವಾರ ರಾತ್ರಿ ಇವತ್ತಿಗೂ ನಿದ್ರೆಯಿಲ್ಲ. ಕಣದ ಕಡೆಯಿಂದ ಕರೆಯುವುದು ಕಡಿಮೆಯಾಗಿದೆ, ಅದು ಅವರಿಗೆ ಬೇಸರ ತಂದಿದೆ. "ಮರೀತಾ ಇದೀನಾ ಮೇಡಂ?" ಎಂದು ಕೇಳಿದರು. ಧ್ವನಿ ಕಡಿಮೆಯಾಗುವುದಕ್ಕೂ ಮರೆಯುವುದಕ್ಕೂ ಸಂಬಂಧವಿಲ್ಲ ಎಂದೆ. ಪೂರ್ತಿ ನಂಬಿದಂತೆ ಕಾಣಲಿಲ್ಲ. ಕೋವಿಯನ್ನು ಠಾಣೆಯಿಂದ ಬಿಡಿಸಿಕೊಳ್ಳುವ ಮಾತು ಎತ್ತಿದ್ದಾರೆ, ಹಂದಿ ಕಾಟ ನಿಜವಾಗಿಯೂ ಇದೆ. ವೈದ್ಯರ ಜೊತೆ ಕೂತು ನೋಡೋಣ ಎಂದು ಮುಂದಕ್ಕೆ ಹಾಕಿದ್ದೇನೆ.

ಫೈಲು ಸುಟ್ಟದ್ದಕ್ಕೆ ಮಗಳು ಒಂದು ದಿನ ಅತ್ತಳು. "ಇರ್ಲಿ ಬಿಡು ಮಗ, ಪುಸ್ತಕ ಇದೆಯಲ್ಲ" ಎಂದರು ಅಪ್ಪ. ಮೂರು ವರ್ಷದಲ್ಲಿ ಅವಳು ಡಯಾಲಿಸಿಸ್ ಕೋಣೆಗೆ ಒಮ್ಮೆಯೂ ಹೋಗಿರಲಿಲ್ಲ. ಆ ವಾಸನೆ ತಡೆಯಲಾಗದೆ ಬಾಗಿಲಿಂದಲೇ ವಾಪಸ್ ಬಂದಿದ್ದಳಂತೆ, ಅದನ್ನು ಗಂಡನಿಗೂ ಹೇಳಿರಲಿಲ್ಲ. ಕಳೆದ ತಿಂಗಳಿಂದ ಅವಳೇ ನನ್ನ ಬಳಿ ಬರುತ್ತಿದ್ದಾಳೆ. ಅಪ್ಪನ ಕಡತದ ಪಕ್ಕದಲ್ಲಿ ಅವಳದೊಂದು ತೆರೆದಿದ್ದೇನೆ.